ಬಗಲಲ್ಲಿನ ಹಲಗಿ, ಅಲೆಯ ಹಲಗಿ

"ಯಾರದ್ರೀ ಇದು? ಮನಷಾನಕಿಂತ ಉದ್ದ ಅದಲ್ಲ! ಲಗೂ ಇಳಿಸ್ಕೋರಿ, ನಾ ಇನ್ನಾ ಸುರಪುರ ಮುಟ್ಟಬೇಕು!"

ಕಂಡಕ್ಟರ್ ದಸ್ತಗೀರಸಾಬನ ಕೂಗಿಗೆ ಶಹಾಪುರ ಬಸ್‌ಸ್ಟ್ಯಾಂಡಿನ ಅರ್ಧ ಜನ ತಿರುಗಿ ನೋಡಿದರು. ಸಂಘಮಿತ್ರಾಳೂ ನೋಡಿದಳು.

ಯಾದಗಿರಿಯಿಂದ ಬಂದ ಬಸ್ಸಿನ ನೆತ್ತಿಯಿಂದ ಬೆಳ್ಳಿ ಬಣ್ಣದ ಉದ್ದನೆಯ ಚೀಲವೊಂದು ಇಳಿಯುತ್ತಿತ್ತು. ಒಳಗೇನಿದೆ ಎಂಬುದು ಅಲ್ಲಿದ್ದವರಲ್ಲಿ ಅವಳಿಗೊಬ್ಬಳಿಗೇ ಗೊತ್ತಿತ್ತು. ಅಲೆಯ ಮೇಲೆ ನಿಂತು ಸಾಗುವ ಸರ್ಫ್ ಬೋರ್ಡ್!

ಹಾಗಾದರೆ ಅದನ್ನು ಹಿಡಿದಿರುವ ಕೈ...?

'ಅವನಾಗಿರಬಾರದು' ಎಂದಿತು ಮನಸ್ಸು. 'ಅವನೇ ಆಗಿರಲಿ' ಎಂದಿತು ಅದೇ ಮನಸ್ಸು.

ಅವನೇ. ಸಂಗಮನಾಥ.

"ಯವ್ವಾ, ಯಾಕ ನಿಂತಿ?" ಪಕ್ಕದಲ್ಲಿದ್ದ ಅಪ್ಪ ಅಂಬ್ರಪ್ಪ ಕೇಳಿದ. ಅವನ ಬಗಲಲ್ಲಿ ಹೊಸ ಚರ್ಮ ಕಟ್ಟಿಸಿಕೊಂಡ ಹಲಗಿ ಇತ್ತು. ದೋರನಹಳ್ಳಿಯಲ್ಲಿ ಆ ಹಲಗಿಯ ಸದ್ದಿಗೆ ಕುಣಿಯದ ಕಾಲಿಲ್ಲ.

"ಏನಿಲ್ಲಪ್ಪ."

ಏನಿಲ್ಲ! ಎಷ್ಟು ದೊಡ್ಡ ಸುಳ್ಳು...

ಮುಲ್ಕಿಯ ಶಾಲೆಯೊಂದಕ್ಕೆ ಟೀಚರಾಗಿ ಹೋಗಿದ್ದವಳು, ಭಾನುವಾರಗಳಲ್ಲಿ ಸರ್ಫಿಂಗ್ ಕಲಿಯಲು ಕಡಲಿಗಿಳಿದಿದ್ದಳು. ಮೊದಲ ಅಲೆಯೇ ಅವಳನ್ನು ಮಗುಚಿ ಹಾಕಿತ್ತು. ಮೂಗು ಬಾಯಿಯೆಲ್ಲ ಉಪ್ಪು. ಆಗ ಕೇಳಿಸಿತ್ತು ಆ ದನಿ.

"ನೀರ ಕುಡದ್ರೇನ್ರೀ? ಹಲಗಿ ಗಟ್ಟಿ ಹಿಡೀರಿ, ಬಿಡಬ್ಯಾಡ್ರಿ!"

ಆ ತುಳು ಮಾತಿನ ದಂಡೆಯಲ್ಲಿ ತನ್ನೂರಿನ ಮಾತು! ಅವಳಿಗೆ ಅಳು, ನಗು ಎರಡೂ ಬಂದಿದ್ದವು. ಕಲಿಸುವವನು ಶಹಾಪುರದ ಕಿರಾಣಿ ಅಂಗಡಿಯವರ ಮಗನೆಂದು ಆಮೇಲೆ ತಿಳಿಯಿತು. ಮೆತ್ತನೆಯ ಫೋಮ್ ಬೋರ್ಡಿನ ಮೇಲೆ ಬಿದ್ದು ಎದ್ದು ಅವಳು ಅಲೆ ಕಲಿತಳು. ಅಲೆಯ ಜೊತೆಗೆ ಅವನನ್ನೂ...

ಒಂದು ಸಂಜೆ, ಪದಗಳನ್ನು ತೂಗಿ ತೂಗಿ, ಯಾರಿಗೂ ಹೇಳದ್ದನ್ನು ಅವನಿಗೆ ಹೇಳಿದಳು. "ನಮ್ಮಪ್ಪ ಹಲಗಿ ಬಾರಸ್ತಾನ್ರಿ." ಅಂದರೆ ಯಾವ ಓಣಿ, ಯಾವ ಜನ ಎಂದು ಶಹಾಪುರದವನಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಅವನು ಸುಮ್ಮನೆ ತಲೆಯಾಡಿಸಿದ್ದ.

ಮರುದಿನ ಅವಳು ಫೋಮ್ ಬೋರ್ಡ್ ಬಿಟ್ಟು ಸ್ವಂತದ್ದೊಂದು ಆರಿಸಬೇಕಿತ್ತು. ಗೋಡೆಗೊರಗಿದ್ದ ಸಾಲಿನಲ್ಲಿ ತೆಳ್ಳನೆಯ, ಗಿಡ್ಡನೆಯ ಬಿಳಿ ಬೋರ್ಡಿನ ಮೇಲೆ ಅವಳ ಕಣ್ಣು ಬಿತ್ತು.

"ಅದು ಈಗ ಬ್ಯಾಡ್ರಿ" ಎಂದ ಅವನು. "ಫೋಮ್ ನಿಮ್ಮ ತಪ್ಪೆಲ್ಲ ಹೊಟ್ಯಾಗ ಹಾಕ್ಕೋತದ, ಇಂಥಾದು ಹಾಕ್ಕೊಳಂಗಿಲ್ಲ. ಜರಾ ಉದ್ದ, ಜರಾ ದಪ್ಪ ಇರೋದ ತಗೋರಿ. ತೇಲಸ್ತದ."

ಅವಳು ಹಿಂದೆಮುಂದೆ ನೋಡಿದಾಗ ಎಲ್ಲರೆದುರು ನಕ್ಕುಬಿಟ್ಟ. "ಮತ್ತ ಆ ಹಲಗೀನೇ ಹಿಡ್ಕೊಂಡು ಕುಂದರ್ತೀರೇನು? ಬಿಟ್ಟಬಿಡ್ರಿ ಟೀಚರ್! ನಿಮಗ ಶೋಭಾ ಕೊಡಂಗಿಲ್ಲ!"

ಹಲಗಿ... ಬಿಟ್ಟಬಿಡ್ರಿ... ಶೋಭಾ ಕೊಡಂಗಿಲ್ಲ...

ಅಪ್ಪನ ಹಲಗಿಗೇ ಅಂದನೇ? ಅವಳು ಕೇಳಲಿಲ್ಲ. ಅಂದಿನಿಂದ ಅವನ ಫೋನ್ ಎತ್ತಲಿಲ್ಲ. ಶಾಲೆಯ ವರ್ಷ ಮುಗಿದೊಡನೆ ಭೀಮರಾಯನಗುಡಿಯ ಶಾಲೆ ಸೇರಿದಳು. ಆದರೆ ಸಂಜೆ ಕಾಲುವೆಯ ಪಕ್ಕ ನಡೆವಾಗ, ಅಲೆಯಿಲ್ಲದ ಆ ನೀರನ್ನು ನೋಡುತ್ತ ನಿಂತರೆ, ಎಡಗಾಲು ತಾನಾಗಿಯೇ ಮುಂದೆ ಬರುತ್ತಿತ್ತು. ಮೊಣಕಾಲು ಬಾಗುತ್ತಿತ್ತು. ಬೆನ್ನ ಹಿಂದೆ ಒಂದು ದನಿಗಾಗಿ ಕಿವಿ ಕಾಯುತ್ತಿತ್ತು...

ಈಗ ಅವನು ಎದುರಿಗೇ ನಿಂತಿದ್ದ. ಬಡವಾಗಿದ್ದ.

"ನಿಮ್ಮ ಊರಿಗೇ ಹೊಂಟಿದ್ದೆ, ಇಲ್ಲೇ ಸಿಕ್ರಿ. ನಿಮ್ಮ ಅಳತಿಗಿ ನಾನೇ ಮಾಡೀನ್ರಿ ಇದನ್ನ. ಕೊಟ್ಟು ಸಂಜೀ ಗಾಡಿಗಿ ಹೊಳ್ಳಿ ಹೋಗ್ತೀನಿ. ಮತ್ತ ತ್ರಾಸ ಕೊಡಂಗಿಲ್ಲ."

ಅಷ್ಟರಲ್ಲಿ ಅಂಬ್ರಪ್ಪ ಚೀಲದ ಜಿಪ್ ಸರಿಸಿ, ಬೆರಳ ತುದಿಯಿಂದ ಬೋರ್ಡಿನ ಮೇಲೆ ಎರಡು ಪೆಟ್ಟು ಹಾಕಿಯೇಬಿಟ್ಟಿದ್ದ.

"ಇದೇನ ತಮ್ಮಾ, ಹಲಗಿ?"

"ಹೌದ್ರಿ ಕಾಕಾ. ನೀರಿನ ಹಲಗಿ."

"ಬೆಂಕಿಗಿ ಕಾಸತಾರೇನು ಇದನ್ನ?"

"ಅಯ್ಯ, ಇಲ್ರಿ! ಬಿಸಲಿಗಿಟ್ರನೇ ಕೆಡತದ."

"ಹಂಗಾರ ನಮ್ಮ ಶಹಾಪುರದಾಗ ಇದರ ಗತಿ ಮುಗೀತು ಬಿಡು!" ಅಪ್ಪ ಗಹಗಹಿಸಿ ನಕ್ಕ.

ಹಲಗಿ! ಅಪ್ಪನ ಬಾಯಲ್ಲೂ ಅದೇ ಮಾತು. ಶಾಲೆಯಲ್ಲಿ ದಿನಾ ತಾನು ಬರೆಯುವುದೂ ಕರಿ ಹಲಗಿಯ ಮೇಲೆಯೇ. ಮೊದಲ ಅಲೆಯಲ್ಲಿ ಇವನು ಕೂಗಿದ್ದೂ... ಹಾಗಾದರೆ ಅವತ್ತಿನ ಮಾತಿನ ಹಲಗಿ...?

"ಒಂದು ಕೇಳಲೇನ್ರಿ?" ಅವಳು ಸಂಗಮನಾಥನತ್ತ ತಿರುಗಿದಳು. "ಅವತ್ತು 'ಆ ಹಲಗಿ ಬಿಟ್ಟಬಿಡ್ರಿ, ಶೋಭಾ ಕೊಡಂಗಿಲ್ಲ' ಅಂದ್ರಲ್ಲ... ಯಾವ ಹಲಗಿ?"

"ಫೋಮಿಂದು! ಮತ್ಯಾವ..."

ಅವನ ನೋಟ ಅಂಬ್ರಪ್ಪನ ಬಗಲಿಗೆ ಹೋಯಿತು. ಮುಖದ ಬಣ್ಣವೇ ಇಳಿದುಹೋಯಿತು.

"ಹಿಂದಿನ ದಿನ ನೀವು ಅಷ್ಟು ನಂಬಿ ಹೇಳಿದ್ರಿ... ಮರುದಿನ ನಾ ಆ ಮಾತು..." ಅವನು ಕಣ್ಣು ಕೆಳಗಿಳಿಸಿದ. "ನನಗ ಹೊಳೀಲೇ ಇಲ್ರಿ. ಹೊಳೀದಷ್ಟು ಆರಾಮದಾಗ ಬೆಳದೀನಿ. ಅದೂ ನನ್ನ ತಪ್ಪೇ."

ಅವನು ಬರೀ 'ಹಂಗಲ್ಲ' ಎಂದಿದ್ದರೆ ಅವಳು ಪೂರ್ತಿ ನಂಬುತ್ತಿರಲಿಲ್ಲವೇನೋ. ಈ ಮಾತಿಗೆ ಕಣ್ಣು ತುಂಬಿ ಬಂದವು.

"ನಾನೂ ಕೇಳಬೇಕಿತ್ತು. ಕೇಳಿದ್ರ ಎಲ್ಲಿ ಹೌದು ಅಂತೀರೋ ಅಂತ ಅಂಜಿದೆ..."

ಅಂಬ್ರಪ್ಪ ಇಬ್ಬರ ಮುಖವನ್ನೂ ನೋಡಿದ. ಬಗಲಲ್ಲಿದ್ದ ಹಲಗಿಯನ್ನು ಆ ಬೋರ್ಡಿಗೆ ಒರಗಿಸಿಟ್ಟ.

"ನಾ ಚಾ ಹೇಳಿ ಬರ್ತೀನಿ. ಅಳೂದು, ಜಗಳಾಡೂದು ಅಷ್ಟರಾಗ ಮುಗಸ್ರಿ. ಎರಡೂ ಹಲಗಿ ಮ್ಯಾಲ ಲಕ್ಷ್ಯ ಇರ್ಲಿ!"

ಸಂಘಮಿತ್ರಾ ಬೋರ್ಡಿನ ಅಂಚಿನ ಮೇಲೆ ಕೈಯಾಡಿಸಿದಳು. ಜರಾ ಉದ್ದ. ಜರಾ ದಪ್ಪ.

"ನಾ ಆಶಾ ಪಟ್ಟಿದ್ದು ಸಣ್ಣದಕ್ಕ."

"ಗೊತ್ತದ್ರಿ. ಅದನ್ನೂ ಮಾಡಿ ಕೊಡ್ತೀನಿ, ನೀವು ಇದರ ಮ್ಯಾಲ ಪಳಗಿದ ಮ್ಯಾಲ." ಅವನು ಉಸಿರೆಳೆದುಕೊಂಡ. "ನೀವಿಲ್ಲದ ಆ ಕಡಲು ನನಗ ಬ್ಯಾಡಾಗ್ಯಾದ್ರಿ, ಮಿತ್ರಾ. ಸಂಜೀ ಗಾಡಿಗಿ ಹೋಗು ಅಂತೀರೋ, ನಿಲ್ಲು ಅಂತೀರೋ?"

ಅವಳು ಕಣ್ಣೊರೆಸಿಕೊಂಡು ಬೋರ್ಡಿನ ಒಂದು ತುದಿ ಎತ್ತಿದಳು.

"ಇಷ್ಟು ಉದ್ದಂದು ನನಗ ಒಬ್ಬಾಕಿಗೇ ಎತ್ತಾಕ ಆಗಂಗಿಲ್ಲ. ಆ ತುದಿ ನೀವು ಹಿಡೀರಿ."

"ಎಲ್ಲೀತನಕ್ರಿ?"

"ಮೊದಲು ನಮ್ಮ ಮನೀತನಕ. ಆಮ್ಯಾಲ ಕಡಲತನಕ..."

"ಅದರ ಮುಂದ?"

ಅವಳು ನಕ್ಕಳು. ಎಷ್ಟೋ ದಿನಗಳ ಮೇಲೆ.

"ಗಟ್ಟಿ ಹಿಡೀರಿ. ಬಿಡಬ್ಯಾಡ್ರಿ!"