ಎರಡನೆಯ ಚಪ್ಪಾಳೆ

ಮದುವೆಯಾಗಿ ಈ ಮೀನುಗಾರರ ಊರಿಗೆ ಬಂದ ಮೂರನೆಯ ಬೆಳಿಗ್ಗೆ ಅತ್ತೆ ಕಿನುಯೊ ನನ್ನನ್ನು ಕಡಲಬಂಡೆಯ ಮೇಲಿನ ಹಳೆಯ ಶಿಂಟೋ ಗುಡಿಗೆ ಕರೆದೊಯ್ದರು. ಕೈ ತೊಳೆದು, ತಲೆಬಾಗಿ, ಎಲ್ಲ ಕಡೆಯ ವಾಡಿಕೆಯಂತೆ ಎರಡು ಚಪ್ಪಾಳೆ ತಟ್ಟಲು ಹೊರಟೆ. ಅತ್ತೆ ಗಬಕ್ಕನೆ ಕೈ ಹಿಡಿದರು.

“ಇಲ್ಲಿ ಒಂದೇ ಕಣಮ್ಮ. ಇನ್ನೊಂದು ಸಮುದ್ರಕ್ಕೆ ಹೋಗಿ ವಾಪಸ್ ಬರದವರದ್ದು. ಅವರ ಪಾಲಿಗೂ ಕೈ ಹಾಕ್ತೀಯಾ?”

ನಕ್ಕು ಒಂದೇ ತಟ್ಟಿದೆ. ಎಡಗಡೆ, ಮೊಣಕೈಗೆ ತಾಗುವಷ್ಟು ಹತ್ತಿರದಲ್ಲಿ, ಒದ್ದೆ ಕೈಗಳ ಚಪ್ಪಾಳೆ ಕೇಳಿಸಿತು. ಅಲ್ಲಿ ಯಾರೂ ಇರಲಿಲ್ಲ. ಆಗಸ್ಟಿನ ಸೆಕೆಯಲ್ಲೂ ನನ್ನ ಆ ಕಡೆಯ ತೋಳೊಂದು ತಣ್ಣಗಾಯಿತು.

ನನ್ನ ಮುಖ ನೋಡಿಯೇ ಅತ್ತೆಗೆ ತಿಳಿಯಿತು. “ಕೇಳಿಸ್ತಾ? ನನ್ನ ಹಿರಿಮಗ, ನಿನ್ನ ಭಾವ ಟೊಕುಜಿ, ಸಮುದ್ರದಲ್ಲಿ ಮುಳುಗಿ ಇಪ್ಪತ್ತೆರಡು ವರ್ಷ ಆಯ್ತು. ದಿನಾ ಬರ್ತೀನಿ, ನನಗೊಂದು ಸಲಾನೂ ಕೇಳಿಸಿಲ್ಲ. ಹೇಗಿತ್ತು, ಹೇಳೇ?”

“ಜೋರಾಗಿತ್ತು ಅತ್ತೆ.”

“ಹಾಗಾದ್ರೆ ಅವನೇ! ಒಂದು ಕೆಲಸಾನಾದ್ರೂ ಮೆಲ್ಲಗೆ ಮಾಡಿದವನಾ ಅವನು!” ಅತ್ತೆ ಕಣ್ಣೊರೆಸಿಕೊಂಡು ನಕ್ಕರು.

ಮುಂದೆ ಹನ್ನೊಂದು ವರ್ಷ ದಿನವೂ ಜೊತೆಗೇ ಹೋದೆವು. ಕೇಳಿದ್ದನ್ನು ನಾನು ಅವರಿಗೆ ಹೇಳುತ್ತಿದ್ದೆ.

ಹೋದ ಚಳಿಗಾಲ ಅತ್ತೆ ತೀರಿಕೊಂಡರು. ಮನೆಯಲ್ಲೇ, ನನ್ನ ತೊಡೆಯ ಮೇಲೆ ತಲೆಯಿಟ್ಟು ಹೋದರು. ಬದುಕಿದ್ದಷ್ಟು ದಿನ ಅವರು ದೋಣಿ ಹತ್ತಿದವರೇ ಅಲ್ಲ.

ಐವತ್ತು ದಿನದ ಸೂತಕ ಕಳೆದ ಮೇಲೆ ಒಬ್ಬಳೇ ಗುಡಿಗೆ ಹೋಗಿ ಒಂದು ಚಪ್ಪಾಳೆ ತಟ್ಟಿದೆ. ಎಡಗಡೆ ಎಂದಿನ ಸದ್ದು ಕೇಳಿತು. ಅದರ ಹಿಂದೆಯೇ ಬಲಗಡೆಯಿಂದ ಇನ್ನೊಂದು, ಮುದಿಕೈಗಳದ್ದು, ಮೆಲ್ಲಗೆ ಬಂತು.

ಆ ಸದ್ದೂ ಒದ್ದೆಯಾಗಿತ್ತು.