ಚುಕ್ಕಾಣಿ ಸರಿಹೋಗುವವರೆಗೆ

"ಎಸೀರಿ... ಈಗ ಎಸೀರಿ. ಇನ್ಯಾವಾಗ, ಗೋಡೆಗೆ ಗುದ್ದಿದ ಮೇಲಾ?"

ದೋಣಿ ಕಟ್ಟುವ ಧಕ್ಕೆಯ ಅಂಚಿನಲ್ಲಿ ನಿಂತು ಯಾರೋ ಕೂಗುತ್ತಿದ್ದ. ಮಳೆಗೆ ಅವನ ಅಂಗಿ ಮೈಗೆ ಅಂಟಿಕೊಂಡಿತ್ತು.

ಹಾಯಿದೋಣಿಯ ಮುಂತುದಿಯಲ್ಲಿ ಮಂಡಿಯೂರಿ ಕುಳಿತಿದ್ದ ಚಿಕ್ಕಿ ಹಗ್ಗದ ಸುರುಳಿಯನ್ನು ಎತ್ತಿ, ಕಣ್ಣು ಮುಚ್ಚಿ, ಇದ್ದಬದ್ದ ಬಲವನ್ನೆಲ್ಲ ಸೇರಿಸಿ ಎಸೆದಳು.

ಅದು ನೇರ ಹೋಗಿ ಅವನ ಮುಖಕ್ಕೆ ಬಡಿಯಿತು.

'ಅಯ್ಯೋ ದೇವರೇ...'

ಅವನು ಬಿಡಲಿಲ್ಲ. ಒಂದು ಕೈಯಲ್ಲಿ ಮೂಗು, ಇನ್ನೊಂದರಲ್ಲಿ ಹಗ್ಗ. ಕಬ್ಬಿಣದ ಕಂಬಕ್ಕೆ ಸುತ್ತಿ ಬಿಗಿದು, ದೋಣಿ ನಿಂತ ಮೇಲೆ ಅವಳ ಕಡೆ ನೋಡಿದ.

"ಗುರಿ ಚೆನ್ನಾಗಿದೆ," ಅಂದ.

ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ. ಹಿಂದಿನ ದಿನದಿಂದ ನಿದ್ದೆ ಕಾಣದ ಜೀವ ಅದು. ಎರಡನ್ನೂ ಮಾಡಿದಳು.

ಅವಳನ್ನು ಚಿಕ್ಕಮ್ಮ ಎನ್ನುವ ಬದಲು ಚಿಕ್ಕಿ ಎಂದು ಕರೆಯುತ್ತಿದ್ದುದು ಅಕ್ಕನ ಆರು ವರ್ಷದ ಮಗಳು ಗುಬ್ಬಿ. ಬರಬರುತ್ತ ದೋಣಿಯಲ್ಲಿ ಎಲ್ಲರಿಗೂ ಅವಳು ಚಿಕ್ಕಿಯೇ ಆದಳು. ಅಕ್ಕ, ಭಾವ, ಗುಬ್ಬಿ ಮನೆ ಬಿಟ್ಟು ಈ ಹಾಯಿದೋಣಿಯನ್ನೇ ಮನೆ ಮಾಡಿಕೊಂಡಿದ್ದರು. ಗುಬ್ಬಿಗೆ ಪಾಠ ಹೇಳಿಕೊಡುವ ನೆಪದಲ್ಲಿ ಚಿಕ್ಕಿಯೂ ಬಂದು ಸೇರಿದ್ದಳು.

ನೆಪ ಎಂದೆ, ಏಕೆಂದರೆ ನಿಜವಾದ ಕಾರಣ ಬೇರೆ. ಅವಳಿಗೆ ಮದುವೆಗೆಂದು ಗೊತ್ತುಮಾಡಿದ್ದ ಹುಡುಗ ಕೊನೆಯ ವಾರದವರೆಗೂ "ಎಲ್ಲ ಸರಿಯಿದೆ" ಎನ್ನುತ್ತಲೇ ಇದ್ದು, ಬೇರೊಬ್ಬಳನ್ನು ಮದುವೆಯಾಗಿದ್ದ. ಅವನು ಹೋದದ್ದಕ್ಕಿಂತ ಅಷ್ಟು ದಿನ ನಗುನಗುತ್ತ ಸುಳ್ಳು ಹೇಳಿದ್ದೇ ಅವಳನ್ನು ಸುಟ್ಟಿತ್ತು.

ಬಿರುಗಾಳಿಯ ಕಾಲ ಶುರುವಾಗುವ ಮೊದಲು ತೆರೆದ ಸಮುದ್ರ ದಾಟಿ ಆಚೆಯ ದ್ವೀಪಗಳನ್ನು ಸೇರಬೇಕು. ಇದು ಭಾವನ ಕನಸು. ಆದರೆ ಗಾಳಿ ಕೇಳಬೇಕಲ್ಲ? ನಡುದಾರಿಯಲ್ಲಿ ಎದ್ದ ಅಲೆಗಳ ಹೊಡೆತಕ್ಕೆ ಚುಕ್ಕಾಣಿಯನ್ನು ತಿರುಗಿಸುವ ಉಕ್ಕಿನ ದಂಡ ಮುರಿಯಿತು. ದೋಣಿಯ ಹಿಂದೆ ಬಕೆಟ್ ಕಟ್ಟಿ ಎಳೆಯುತ್ತ, ಅದನ್ನೇ ಎಡಕ್ಕೂ ಬಲಕ್ಕೂ ಜಗ್ಗಿ ದಿಕ್ಕು ತಿರುಗಿಸುತ್ತ, ಹೇಗೋ ಜೀವ ಹಿಡಿದುಕೊಂಡು ಈ ಬಂದರಿಗೆ ಬಂದಿದ್ದರು.

ಹಗ್ಗ ಹಿಡಿದವನು ಇಲ್ಲೇ ಹುಟ್ಟಿ ಬೆಳೆದ ವೆಲ್ಡರ್.

"ಹೊಸ ದಂಡ ಮಾಡಬೇಕು," ಅಂದ ಅವನು, ಮುರಿದ ತುಂಡನ್ನು ತಿರುಗಿಸಿ ನೋಡುತ್ತ. "ಅಳತೆಗೆ ರಟ್ಟು ಕತ್ತರಿಸ್ಕೋಬೇಕು. ಕತ್ತರಿ ಹಿಡಿಯೋಕೆ ಬರುತ್ತಾ? ಎಸೆಯೋಕೆ ಬರೋದು ನೋಡಿದೆ."

"ಮೂಗು ಹೇಗಿದೆ?"

"ಇದೆ."

ಬಿಸ್ಕತ್ತಿನ ಡಬ್ಬದ ರಟ್ಟನ್ನು ಹರಡಿ, ಒಂದು ತುದಿ ಅವಳು, ಇನ್ನೊಂದು ತುದಿ ಅವನು ಹಿಡಿದು ದಂಡದ ಆಕಾರವನ್ನು ಗೀಚಿದರು. ಮೇಲ್ಭಾಗದ ಕೊಕ್ಕೆಯಂಥ ಬಾಗನ್ನು ಕತ್ತರಿಸಿದವಳು ಚಿಕ್ಕಿ. ಸ್ವಲ್ಪ ಸೊಟ್ಟಗಾಯಿತು. "ಇರಲಿ, ಇದಕ್ಕೆ ಹೊಂದೋ ಹಾಗೆ ನಾನೇ ಸೊಟ್ಟಗೆ ಮಾಡ್ತೀನಿ," ಅಂದ ಅವನು.

ಹೀಗೆ ಶುರುವಾಯಿತು.

ದಿನವೂ ಮಧ್ಯಾಹ್ನ ಗುಬ್ಬಿಯ ಪಾಠ ಮುಗಿದ ಕೂಡಲೇ ಚಹಾದ ಫ್ಲಾಸ್ಕ್ ಹಿಡಿದು ಚಿಕ್ಕಿ ವರ್ಕ್‌ಶಾಪಿಗೆ ಹೊರಡುತ್ತಿದ್ದಳು. "ದಂಡ ಎಲ್ಲಿಗೆ ಬಂತು ಅಂತ ನೋಡ್ಕೊಂಡು ಬರ್ತೀನಿ" ಎಂದು ಅಕ್ಕನಿಗೆ ಹೇಳುತ್ತಿದ್ದಳು.

"ಹೋಗು, ಹೋಗು. ದಂಡಕ್ಕೆ ಸಕ್ಕರೆ ಜಾಸ್ತಿ ಬೇಕಂತೆ," ಅನ್ನುತ್ತಿದ್ದಳು ಅಕ್ಕ.

ಅವನು ಹೆಚ್ಚು ಮಾತಾಡುವವನಲ್ಲ. ಕಿಡಿ ಹಾರುವಾಗ "ಕಣ್ಣು" ಎನ್ನುತ್ತಿದ್ದ, ಅವಳು ಮುಖ ತಿರುಗಿಸುತ್ತಿದ್ದಳು. ಕೆಲಸ ನಿಂತಾಗ ಮುಖವಾಡ ಎತ್ತಿ, ಅವಳು ಹೇಳುವುದನ್ನೆಲ್ಲ ಕೇಳುತ್ತಿದ್ದ. ಸಮುದ್ರದ ನಡುವೆ ಅಡುಗೆ ಮಾಡುವಾಗ ಪಾತ್ರೆಯನ್ನು ಹೇಗೆ ಕಟ್ಟಿಹಾಕಬೇಕು, ಮಳೆ ಸುರಿಯುವಾಗ ನಾಲ್ಕು ಜನ ಒಂದೇ ಕೋಣೆಯಲ್ಲಿ ಜಗಳವಾಡಿ ಮುನಿಸಿಕೊಂಡರೆ ಮುಖ ತಿರುಗಿಸಲೂ ಜಾಗವಿರುವುದಿಲ್ಲ ಎಂಬುದು... ಎಲ್ಲವನ್ನೂ.

'ಇವನು ಸುಳ್ಳು ಹೇಳುವವನಲ್ಲ,' ಎಂದುಕೊಂಡಳು ಒಂದು ದಿನ. ಅಂದುಕೊಂಡ ಕೂಡಲೇ ಹೆದರಿದಳು. ಹಿಂದೆಯೂ ಹೀಗೇ ಅಂದುಕೊಂಡಿದ್ದಳಲ್ಲ.

ಆಕಾಶ ತಿಳಿಯಾಯಿತು. ಗಾಳಿ ದಿಕ್ಕು ಬದಲಿಸಿತು. ಬಂದರಿನಲ್ಲಿ ಕಾಯುತ್ತಿದ್ದ ಉಳಿದ ದೋಣಿಗಳು ಒಂದೊಂದಾಗಿ ಹೊರಟವು. ದಂಡ ಮಾತ್ರ ಆಗಲೇ ಇಲ್ಲ.

"ಉಕ್ಕು ಬಂದಿಲ್ಲ," ಅನ್ನುತ್ತಿದ್ದ ವೆಲ್ಡರ್, ನೆಲ ನೋಡುತ್ತ.

"ಇಂಥ ಗಾಳಿ ಮತ್ತೆ ಸಿಗುತ್ತಾ?" ಎಂದು ಭಾವ ಪ್ರತಿ ಸಂಜೆ ಗುಡುಗುತ್ತಿದ್ದ. "ನಾನು ಎಂಥೆಂಥ ಅಲೆ ನೋಡಿದವನು. ಈ ಒಂದು ಕಬ್ಬಿಣದ ತುಂಡಿಗೆ ಕಾಯ್ತಾ ಕೂರೋ ಹಾಗಾಯ್ತಲ್ಲ."

"ಹೌದು ಕ್ಯಾಪ್ಟನ್, ಊಟ ಮಾಡಿ," ಅನ್ನುತ್ತಿದ್ದಳು ಅಕ್ಕ.

ಒಂದು ಮಧ್ಯಾಹ್ನ ಚಿಕ್ಕಿ ಹೋದಾಗ ವರ್ಕ್‌ಶಾಪಿನಲ್ಲಿ ಅವನಿರಲಿಲ್ಲ. ಫ್ಲಾಸ್ಕ್ ಇಡಲು ಬೆಂಚಿನ ಮೇಲಿನ ಟಾರ್ಪಾಲನ್ನು ಸರಿಸಿದಳು.

ಅಡಿಯಲ್ಲಿ ಚುಕ್ಕಾಣಿಯ ದಂಡವಿತ್ತು. ಪೂರ್ತಿಯಾದದ್ದು, ಉಜ್ಜಿ ಹೊಳಪು ಕೊಟ್ಟದ್ದು. ಮೇಲ್ಭಾಗದ ಬಾಗು ಸ್ವಲ್ಪ ಸೊಟ್ಟಗಿತ್ತು, ಅವಳು ಕತ್ತರಿಸಿದಂತೆಯೇ.



ಅವನು ಬಾಗಿಲಲ್ಲಿ ಬಂದು ನಿಂತ. ಅವಳ ಕೈಯಲ್ಲಿದ್ದ ಟಾರ್ಪಾಲಿನ ಅಂಚನ್ನು ನೋಡಿದ. ಮುಖ ಬಿಳಿಚಿಕೊಂಡಿತು.

"ಇದು ಯಾವಾಗ ಆಯ್ತು?"

ಅವನು ಕೈಯ ಮಸಿಯನ್ನು ಬಟ್ಟೆಗೆ ಒರೆಸಿಕೊಂಡ.

"ಉಕ್ಕು ಬಂದಿಲ್ಲ ಅಂತ ನಿನ್ನೆ ಕೂಡ ಹೇಳಿದ್ರಿ."

"ಹೇಳಿದೆ."

"ಯಾಕೆ? ನಾವು ಇಲ್ಲೇ ಇರಲಿ ಅಂತಾನಾ?"

ಅವನು ಏನೋ ಹೇಳಲು ಬಾಯಿ ತೆರೆದ. ಮತ್ತೆ ಮುಚ್ಚಿದ. ಆಮೇಲೆ, ತೀರಾ ಮೆಲ್ಲಗೆ, "ಹೌದು ಅಂತ ಇಟ್ಕೊಳ್ಳಿ," ಅಂದ.

"ಒಂದು ಮಗು ಇರೋ ಮನೆ ನಮ್ಮದು. ತಡವಾದ್ರೆ ಬಿರುಗಾಳಿಗೆ ಸಿಗ್ತೀವಿ. ಅದೂ ಹೊಳೀಲಿಲ್ವಾ ನಿಮಗೆ?"

ಅವನು ತಲೆ ತಗ್ಗಿಸಿಕೊಂಡೇ ನಿಂತ. ಬೈದಿದ್ದರೂ ಸಹಿಸುತ್ತಿದ್ದಳು, ಜಗಳವಾಡಿದ್ದರೂ. ಈ ಮೌನವನ್ನು ಹೇಗೆ ಸಹಿಸುವುದು?

'ಮತ್ತೆ ಅದೇ... ನನ್ನ ಹಣೆಯಲ್ಲಿ ಇಂಥವರನ್ನೇ ಬರೆದಿದೆ.'

ದೋಣಿಗೆ ಬಂದು ಎಲ್ಲರೆದುರು ಹೇಳಿದಳು. ಅಕ್ಕ ಬೆರಗಾದಳು. ಭಾವನಂತೂ ಇಂಗು ತಿಂದ ಮಂಗನಂತೆ ಕುಳಿತುಬಿಟ್ಟ. "ಓ... ಹಾಗಾ... ಹಾಗಾದ್ರೆ ಹೊರಡೋದೇ," ಎಂದ. ಮಾತಿನಲ್ಲಿ ಗುಡುಗಿರಲಿಲ್ಲ. ಚಿಕ್ಕಿ ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ.

ಮರುದಿನ ಬೆಳಿಗ್ಗೆ ವೆಲ್ಡರ್ ಬಂದು ದಂಡ ಕೂರಿಸಿಕೊಟ್ಟ. ಅವಳು ಒಳಗೇ ಇದ್ದಳು. ಮೇಲೆ ಅವನ ಹೆಜ್ಜೆಯ ಸದ್ದು ಇತ್ತ ಬಂತು, ಅತ್ತ ಹೋಯಿತು, ನಿಂತಿತು. ಗುಬ್ಬಿಯ ಕೈಬರಹದ ಮೇಲೆ ಚಿಕ್ಕಿಯ ಕಣ್ಣೀರು ಬಿತ್ತು.

"ಚಿಕ್ಕಿ, ನನ್ನ ಅಕ್ಷರ ಅಷ್ಟು ಕೆಟ್ಟದಾಗಿದೆಯಾ?"

"ಇಲ್ಲ ಕಂದ. ತುಂಬ ಚೆನ್ನಾಗಿದೆ."

ಅವರು ಹೊರಟರು.

ಸಮುದ್ರ ತಟ್ಟೆಯಲ್ಲಿಟ್ಟ ನೀರಿನಂತೆ ಶಾಂತವಾಗಿತ್ತು. ಅಲೆ ತಡೆಯುವ ಕಲ್ಲುಗೋಡೆಯನ್ನು ದಾಟಿದರೆ ತೆರೆದ ನೀರು. ಅಲ್ಲಿ ದೋಣಿ ಮೊದಲ ಉಬ್ಬನ್ನು ಏರಿ ಇಳಿಯಿತು. ಅದನ್ನು ಅಲೆ ಎನ್ನುವುದೂ ಕಷ್ಟ.

ಭಾವ ದೋಣಿಯನ್ನು ತಿರುಗಿಸಿದ.

ಅರ್ಧ ಸುತ್ತು, ಮತ್ತೆ ಬಂದರಿನ ಕಡೆಗೆ. ಚುಕ್ಕಾಣಿ ಹಿಡಿದ ಅವನ ಬೆರಳುಗಳು ಬೆಳ್ಳಗಾಗಿದ್ದವು.

"ಏನಾಯ್ತು ರೀ? ದಂಡ ಸರಿಯಿಲ್ವಾ?" ಅಕ್ಕ ಓಡಿ ಬಂದಳು.

"ದಂಡ ಸರಿ ಇದೆ. ನಾನೇ ಸರಿಯಿಲ್ಲ."

ಭಾವ ಬಂದರಿನ ಗೋಡೆಯನ್ನೇ ನೋಡುತ್ತ ಮಾತು ಮುಂದುವರಿಸಿದ.

"ಆವತ್ತು ನಾನು ಬಕೆಟ್ ಕಟ್ತಾ ಇದ್ದಾಗ... ಗುಬ್ಬಿ ಮೆಟ್ಟಿಲು ಹತ್ತಿ ಮೇಲೆ ಬಂದಿದ್ಲು. ಸೊಂಟಕ್ಕೆ ಹಗ್ಗ ಇರಲಿಲ್ಲ. ನನ್ನನ್ನು ಹುಡುಕ್ಕೊಂಡು ಬಂದಿರಬೇಕು. ಅಷ್ಟರಲ್ಲಿ ಅಲೆ ಬಂತು." ಭಾವನ ದನಿ ಒಡೆಯಿತು. "ಆ ಅಲೆ ಅವಳನ್ನ ಒಳಕ್ಕೆ ತಳ್ಳಿತು. ಹೊರಕ್ಕೆ ತಳ್ಳಬಹುದಿತ್ತು. ನೀವಿಬ್ಬರೂ ಒಳಗೆ ನೀರು ತೋಡ್ತಾ ಇದ್ರಿ, ನೋಡಲಿಲ್ಲ. ನಾನು ನೋಡಿದೆ. ಆಮೇಲೆ ಕಣ್ಣು ಮುಚ್ಚಿದ್ರೆ ಸಾಕು, ಅದೇ ಕಾಣುತ್ತೆ."

ಅಕ್ಕ ಗುಬ್ಬಿಯನ್ನು ಬರಸೆಳೆದುಕೊಂಡಳು.

"ನನ್ನ ಹತ್ರ ಯಾಕೆ ಹೇಳಲಿಲ್ಲ?"

"ನೀನು ನನ್ನನ್ನ ಕ್ಯಾಪ್ಟನ್ ಅಂತೀಯಲ್ಲ..." ಭಾವ ಮುಖ ಒರೆಸಿಕೊಂಡು ಚಿಕ್ಕಿಯ ಕಡೆ ತಿರುಗಿದ. "ಆ ಹುಡುಗನದ್ದೇನೂ ತಪ್ಪಿಲ್ಲಮ್ಮ. ದಂಡ ಆಯ್ತು ಅಂತ ಹೇಳೋಕೆ ಬಂದವನ ಕೈ ಹಿಡ್ಕೊಂಡು ನಾನೇ ಬೇಡ್ಕೊಂಡೆ. ಯಾರಿಗೂ ಹೇಳಬೇಡ, ಮನೆಯವರೆದುರು ನನ್ನ ಮಾನ ಉಳಿಸು ಅಂದೆ. ನಿನ್ನೆ ನೀನು ಬಂದು ಹೇಳಿದಾಗಲೂ ಬಾಯಿ ಬರಲಿಲ್ಲ ನನಗೆ."

ಅಕ್ಕ ಗಂಡನ ಕೈ ಸರಿಸಿ ತಾನೇ ಚುಕ್ಕಾಣಿ ಹಿಡಿದಳು. "ದ್ವೀಪ ಎಲ್ಲೂ ಓಡಿ ಹೋಗಲ್ಲ. ಈ ವರ್ಷ ಇಲ್ಲೇ ಇರೋಣ. ದಡದ ಪಕ್ಕದಲ್ಲೇ ಒಂದಷ್ಟು ಓಡಾಡೋಣ, ನಾನೂ ನಡೆಸೋದು ಕಲೀತೀನಿ. ನಿಮಗೆ ಮತ್ತೆ ಮನಸ್ಸು ಬಂದಾಗ ನೋಡೋಣ. ಈಗ ಕೂತ್ಕೊಂಡು ಅತ್ತುಬಿಡಿ, ಹಗುರಾಗುತ್ತೆ."

ಚಿಕ್ಕಿಗೆ ಮುಂದಿನದು ಯಾವುದೂ ಕೇಳಿಸಲಿಲ್ಲ. ದೋಣಿ ಧಕ್ಕೆ ಮುಟ್ಟುತ್ತಿದ್ದಂತೆ ಇಳಿದು ನಡೆದಳು. ನಡಿಗೆ ಓಟವಾಯಿತು.

ಅವನು ವರ್ಕ್‌ಶಾಪಿನಲ್ಲಿ ಬರಿಗೈಯಲ್ಲಿ ಕುಳಿತಿದ್ದ. ಅವಳನ್ನು ಕಂಡು ಎದ್ದ.

"ಏನಾಯ್ತು? ದಂಡ..."

"ದಂಡಕ್ಕೇನೂ ಆಗಿಲ್ಲ. ಭಾವ ಎಲ್ಲ ಹೇಳಿದ್ರು." ಅವಳಿಗೆ ಏದುಸಿರು. "ನಾನು ಅಷ್ಟೆಲ್ಲ ಅಂದಾಗ ಯಾಕೆ ಸುಮ್ಮನಿದ್ರಿ?"

"ಮಾತು ಕೊಟ್ಟಿದ್ದೆ."

"ನನಗೆ ಸುಳ್ಳು ಹೇಳಿದ್ರಿ. ಅದಕ್ಕೆ ಕಾರಣ ಏನೇ ಇರಲಿ, ನನಗೆ ಅದು ಆಗಲ್ಲ. ಹೇಳೋಕಾಗಲ್ಲ ಅಂತ ಹೇಳಿ, ಕಾಯ್ತೀನಿ. ಸುಳ್ಳು ಮಾತ್ರ ಬೇಡ."

"ತಪ್ಪಾಯ್ತು. ಆದ್ರೆ ಒಂದು ಮಾತು ಸುಳ್ಳಲ್ಲ," ಅಂದ.

"ಯಾವುದು?"

"ಇಲ್ಲೇ ಇರಲಿ ಅಂತಾನಾ ಅಂತ ಕೇಳಿದ್ರಲ್ಲ... ಹೌದು ಅಂದೆ. ನಿಮ್ಮ ಭಾವ ಅಳ್ತಾ ಕೈ ಹಿಡಿದಾಗ ನನಗೆ ಪಾಪ ಅನ್ನಿಸಬೇಕಿತ್ತು. ಅನ್ನಿಸ್ತು ಕೂಡ. ಆದ್ರೆ ಅದಕ್ಕಿಂತ ಮೊದಲು... ಖುಷಿ ಆಯ್ತು. ನಾಳೆನೂ ನೀವು ಬರ್ತೀರಿ ಅಂತ. ಅದಕ್ಕೇ ನಿಮ್ಮ ಮುಖ ನೋಡೋಕೆ ಆಗಲಿಲ್ಲ."

ಚಿಕ್ಕಿಯ ಕಣ್ಣು ತುಂಬಿ ಬಂತು.

"ಈ ವರ್ಷ ದೋಣಿ ಇಲ್ಲೇ ಇರುತ್ತೆ," ಅಂದಳು.

"ದೋಣಿ ವಿಷಯ ಅಲ್ಲ." ಅವನು ಒಂದು ಹೆಜ್ಜೆ ಹತ್ತಿರ ಬಂದ. "ನೀನು ಇರ್ತೀಯಾ?"

"ಇರ್ತೀನಿ."

"ಭಾವನಿಗೆ ಮತ್ತೆ ಧೈರ್ಯ ಬಂದು ಹೊರಟುನಿಂತರೆ?"

"ಆಗ ನಿನಗೂ ಅಡುಗೆ ಪಾತ್ರೆ ಕಟ್ಟಿಹಾಕೋದು ಹೇಳಿಕೊಡ್ತೀನಿ."

"ನನಗೆ ಈಜು ಬರಲ್ಲ ಕಣೇ."

ಅವಳು ದಂಗಾಗಿ ನೋಡಿದಳು. "ಬಂದರಿನಲ್ಲೇ ಹುಟ್ಟಿ ಬೆಳೆದವನು... ನಿಜವಾಗ್ಲೂ?"

"ಇನ್ನು ಸುಳ್ಳು ಹೇಳೋ ಹಾಗಿಲ್ವಲ್ಲ," ಅಂದ ಅವನು, ಅವಳ ಕೈ ಹಿಡಿದುಕೊಂಡು.