ಹೊನ್ನೆ ಹಲಗೆಯ ತೇಪೆ

ದೋಣಿ ಮುಳುಗಿ ಸತ್ತ ಸೂಲಗಿತ್ತಿ ಕದರಮ್ಮನ ಹೆಣ ಕೆರೆದಂಡೆಗೆ ಬರುವಷ್ಟರಲ್ಲಿ ಊರಿನವರು ಬಡಗಿ ಪಾಲಪ್ಪನನ್ನು ಹುಣಸೆಮರಕ್ಕೆ ಕಟ್ಟಿ ಹೊಡೆದಿದ್ದರು.

ಮಧುಗಿರಿಯಿಂದ ಬಂದ ಇನ್ಸ್‌ಪೆಕ್ಟರ್ ಚನ್ನಮಲ್ಲಯ್ಯ ಕುದುರೆಯಿಂದ ಇಳಿಯುತ್ತಲೇ ಗುಡುಗಿದರು. "ಯಾರ್ರೀ ಇವನನ್ನ ಕಟ್ಟಿದ್ದು? ಬಿಚ್ರೀ!"

ಜಮೀನ್ದಾರ ರೇಣುಕಯ್ಯ ಮುಂದೆ ಬಂದ. ಮುಳುಗಿದ ದೋಣಿ ಅವನದೇ. ಹಳೆಯದು, ತಳದ ಮರ ಕೊಳೆತಿದ್ದಕ್ಕೆ ಪಾಲಪ್ಪನಿಂದ ರಿಪೇರಿ ಮಾಡಿಸಿದ್ದ.

"ಬುಡಬ್ಯಾಡಿ ಸ್ವಾಮಿ. ಲಡ್ಡಾದ ತಳಕ್ಕೆ ಹೊಸ ಹಲಗೆ ಕೂರ್ಸು ಅಂದ್ರೆ, ಕಳ್ಳ ನನ್ಮಗ ಜೇಡಿಮಣ್ಣು ಮೆತ್ತಿ ಮ್ಯಾಲೆ ಡಾಂಬರು ಬಳ್ದವ್ನೆ."

"ಹೊನ್ನೆ ಹಲಗೆ ಹಾಕಿವ್ನಿ ಬುದ್ಧಿ!" ಹಗ್ಗ ಬಿಚ್ಚಿಸಿಕೊಂಡ ಪಾಲಪ್ಪನ ತುಟಿ ಒಡೆದಿತ್ತು.

* * *

ಚನ್ನಮಲ್ಲಯ್ಯನವರ ಸಿಟ್ಟು ಮೊದಲು ತಿರುಗಿದ್ದು ಅಂಬಿಗ ಅಡವಯ್ಯನ ಮೇಲೆ.

"ನೀನು ಈಜಿ ಬಂದೆ. ಅವಳು ಸತ್ತಳು. ಹೆಂಗಯ್ಯಾ?"

ಅಡವಯ್ಯ ತೋಳು ಚಾಚಿದ. ಮೊಣಕೈಯಿಂದ ಮಣಿಕಟ್ಟಿನವರೆಗೂ ಉಗುರಿನ ಗೀರು. "ಹಿಡ್ಕಂಡಿದ್ದೆ ಸ್ವಾಮಿ. ಜಾರ್ಬುಟ್ಳು."

"ಅವಳೊಬ್ಬಳನ್ನೇ ಯಾಕೆ ಕೂರಿಸ್ಕೊಂಡೆ?"

"ರಿಪೇರಿ ಆದ್ಮೇಲೆ ದೋಣಿ ಯಜಮಾನ್ರ ಕೊಟ್ಟಿಗೇಲಿತ್ತು. ಇವತ್ತು ಅವರೇ ಇಳಿಸ್ದ್ರು. ಕದರಮ್ಮ ಕೋರ್ಟಿಗೆ ಹೋಗ್ಬೇಕು, ಮೊದ್ಲು ಅವಳೊಬ್ಬಳನ್ನೇ ದಾಟ್ಸು ಅಂದ್ರು."

"ಎಂಥಾ ಕೋರ್ಟು?"

ಹೆಣದ ಪಕ್ಕ ಕೂತಿದ್ದ ಮಗಳು ನರಸಿಂಹಮ್ಮ ತಲೆಯೆತ್ತಿದಳು. ಕಣ್ಣಲ್ಲಿ ನೀರಿರಲಿಲ್ಲ, ಕೆಂಡವಿತ್ತು.

"ರೇಣುಕಯ್ಯನ ಮಗನ ಮ್ಯಾಲಿನ ಕೇಸು. ಸೊಸೆ ಬಾಣಂತಿ ಸನ್ನೀಲಿ ಸತ್ಳು ಅಂತ ಊರಿಗೆಲ್ಲ ಹೇಳವ್ರೆ. ಆ ಸೊಸೆ ಹೆಣದ ಮೈ ತೊಳೆಯೋವಾಗ ಕತ್ನಾಗೆ ಹಗ್ಗದ ಗುರ್ತು ಕಂಡಿದ್ಳು ನಮ್ಮವ್ವ. ಅದನ್ನ ಹೇಳಾಕೆ ಹೊಂಟಿದ್ಳು."

* * *

ಹಗ್ಗ ಕಟ್ಟಿ, ಎತ್ತು ಹೂಡಿ, ಕೆರೆಯೊಳಗಿಂದ ದೋಣಿ ಎಳೆಸಿದರು. ಮಗುಚಿ ಹಾಕಿದರು. ತಳದಲ್ಲಿ ಮೊರದಗಲದ ತೂತು.

ಚನ್ನಮಲ್ಲಯ್ಯ ಮಂಡಿಯೂರಿ ತೂತಿನ ಸುತ್ತ ಬೆರಳಾಡಿಸಿದರು. ಒಂದು ಮೂಲೆಯಲ್ಲಿ ಹಸಿ ಜೇಡಿಮಣ್ಣು, ಅದರ ಮೇಲೆ ಡಾಂಬರಿನ ಹೊಪ್ಪಳೆ.

"ನಾನು ಹೇಳ್ಲಿಲ್ವಾ, ಮಣ್ಣು ಅಂತ?" ರೇಣುಕಯ್ಯ ಜನರ ಕಡೆ ತಿರುಗಿದ.

"ಹೇಳಿದ್ರಿ." ಇನ್ಸ್‌ಪೆಕ್ಟರ್ ಎದ್ದು ನಿಂತರು. "ಆಗ ದೋಣಿ ನೀರಿನೊಳಗಿತ್ತು. ಡಾಂಬರಿನ ಅಡೀಲಿದ್ದ ಮಣ್ಣು ನಿಮಗೆ ಹೆಂಗ್ರೀ ಕಾಣಿಸ್ತು?"

ಅವರು ತೂತಿನ ಅಂಚಿಗೆ ಬೆರಳಿಟ್ಟು ಜನರನ್ನು ಹತ್ತಿರ ಕರೆದರು.

"ಎಲ್ಲಾರೂ ನೋಡಿ! ಬಡಗಿ ಲಡ್ಡಾದ ಮರಾನ ಪೂರ್ತಿ ಕೆತ್ತಿ, ಗಟ್ಟಿ ಮರ ಮುಟ್ಟಿದಾನೆ. ಹಲಗೆ ಬಿಗಿಯಾಗಿ ಕೂರ್ಲಿ ಅಂತ ಅಂಚನ್ನ ಓರೆಯಾಗಿ ಕೊಯ್ದಿದಾನೆ. ಸುತ್ತ ಮೊಳೆ ತೂತು. ಮಣ್ಣು ಮೆತ್ತೋನಿಗೆ ಮೊಳೆ ಯಾಕೆ? ಪ್ರತಿ ತೂತಿನ ಪಕ್ಕದಲ್ಲೂ ಮರ ಜಜ್ಜಿದೆ, ಗಾಯ ಹೊಸದು. ಇಕ್ಕಳ ಹಾಕಿ ಕಿತ್ತ ಗುರುತು. ದೋಣಿ ಕೊಟ್ಟಿಗೇಲಿದ್ದಾಗ ಹಲಗೆ ಕಿತ್ತೋನು, ಮಣ್ಣು ತುಂಬಿದೋನು, ಕದರಮ್ಮನನ್ನ ಹತ್ತಿಸಿದೋನು ಒಬ್ಬನೇ."

ಚನ್ನಮಲ್ಲಯ್ಯ ಕೋಳ ಹೊರತೆಗೆದರು.

"ಒಬ್ಬ ಸೂಲಗಿತ್ತಿಗೋಸ್ಕರ ನನ್ನ ಕೈಗೆ ಕೋಳ ಹಾಕ್ತೀರಾ?" ರೇಣುಕಯ್ಯ ಅರಚಿದ. "ಸಾಕ್ಷಿ ಕೆರೆ ಪಾಲಾಯ್ತು. ನನ್ನ ಮಗನ್ನ ಯಾವನೂ ಮುಟ್ಟಕಾಗಲ್ಲ!"

ನರಸಿಂಹಮ್ಮ ಎದ್ದಳು. ಪಾಲಪ್ಪನನ್ನು ಹೊಡೆದವರು ಹೆಣ ಎತ್ತಲು ಬರುತ್ತಿದ್ದರು. ಅವರಿಗೆ ಅಡ್ಡ ನಿಂತಳು.

"ನಿಮ್ಮ ಕೈ ನಮ್ಮವ್ವನ್ನ ಮುಟ್ಟಬಾರ್ದು. ಪಾಲಪ್ಪಣ್ಣ, ಅಡವಯ್ಯಣ್ಣ, ನೀವು ಬನ್ನಿ."

ಆಮೇಲೆ ರೇಣುಕಯ್ಯನ ಮುಖಕ್ಕೆ ಮುಖ ಕೊಟ್ಟು ಹೇಳಿದಳು:

"ಅವತ್ತು ನಿನ್ನ ಸೊಸೆ ಮೈ ತೊಳ್ದೋಳು ನಮ್ಮವ್ವ. ನೀರು ಹುಯ್ದೋಳು ನಾನು. ಕೋರ್ಟಿಗೆ ನಾನು ಬತ್ತೀನಿ ಕಣಯ್ಯ."